ಹೊಲದಲ್ಲಿ ಸಿಕ್ಕ ಯುದ್ಧಪದಕ ಯಾರದು? ಅಂಚನ್ನು ಓದಿ ನೋಡಿ

ಪ್ರಶ್ನೆ: ಜಮೀನಿನವರ ಒಪ್ಪಿಗೆ ಪಡೆದು, ಉತ್ತು ಬಿಟ್ಟಿದ್ದ ಹೊಲವೊಂದರಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದಾಗ ಅರ್ಧ ಗೇಣು ಆಳದಲ್ಲಿ ಒಂದು ದುಂಡನೆಯ ಬಿಲ್ಲೆ ಸಿಕ್ಕಿತು. ಅಗಲ ಮೂರೂವರೆ ಸೆಂಟಿಮೀಟರ್ ಇರಬಹುದು. ಮೈಯೆಲ್ಲ ಕಪ್ಪು. ಒಂದು ಬದಿಯಲ್ಲಿ ಕುದುರೆ ಏರಿದ ಬೆತ್ತಲೆ ಮನುಷ್ಯ, ಇನ್ನೊಂದು ಬದಿಯಲ್ಲಿ ಗಡ್ಡದ ಗಂಡಸಿನ ತಲೆ, ಕಿರೀಟವಿಲ್ಲ. ಮೇಲ್ಗಡೆ ಏನೋ ಮುರಿದುಹೋದ ಗುರುತಿದೆ. ಅಂಚಿನಲ್ಲಿ ಅಕ್ಷರಗಳಿವೆ ಅನಿಸುತ್ತದೆ, ಓದಲಾಗುತ್ತಿಲ್ಲ. ಇದು ಯುದ್ಧದ ಪದಕವೇ? ಯಾರದು ಎಂದು ತಿಳಿಯಬಹುದೇ? ಆ ಹೊಲದಲ್ಲಿ ಕಾಳಗ ನಡೆದಿತ್ತು ಎಂದು ಅರ್ಥವೇ? ತೊಳೆದರೆ ಸ್ಪಷ್ಟವಾಗುತ್ತದೆಯೇ?

ಉತ್ತರ:

ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಇದೆ. ಕುದುರೆಯ ಮೇಲೆ ಬೆತ್ತಲೆ ಸವಾರ, ಹಿಂಬದಿಗೆ ಕಿರೀಟವಿಲ್ಲದ ಗಡ್ಡದ ದೊರೆ, ಅಗಲ ಮೂರೂವರೆ ಸೆಂಟಿಮೀಟರ್ ಆಸುಪಾಸು. ಇದು ಬ್ರಿಟಿಷ್ ವಾರ್ ಮೆಡಲ್. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದವರಿಗಾಗಿ 1919ರಲ್ಲಿ ಸ್ಥಾಪಿಸಿದ್ದು. ಗಡ್ಡದ ದೊರೆ ಐದನೇ ಜಾರ್ಜ್. ಇಷ್ಟು ಖಚಿತವಾಗಿ ಹೇಳಲು ಕಾರಣಗಳಿವೆ, ಅವನ್ನು ಮುಂದೆ ಕೊಡುತ್ತೇನೆ, ನೀವೇ ತಾಳೆ ನೋಡಿಕೊಳ್ಳಿ. ಅದಕ್ಕೂ ಮೊದಲು ತೊಳೆಯುವ ವಿಚಾರ. ಈ ಉತ್ತರ ಓದಿ ಮುಗಿಯುವ ಮೊದಲೇ ನೀವು ಬ್ರಷ್ ಹಿಡಿದು ನಲ್ಲಿಯ ಕೆಳಗೆ ನಿಂತಿರಬಾರದಲ್ಲ!

ತೊಳೆಯಬೇಡಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ತಿಕ್ಕಬೇಡಿ. ಬೆಳ್ಳಿ ಮಣ್ಣಿನಲ್ಲಿ ಕಪ್ಪಾಗುವುದು ಗಂಧಕದ ಅಂಶ ತಾಗಿ. ಆ ಕಪ್ಪು ತೀರ ತೆಳುವಾದ ಪದರ, ಅದರಿಂದ ಪದಕಕ್ಕೆ ಕೇಡಿಲ್ಲ. ಉಪ್ಪಿನಂಶದ ಮಣ್ಣಾದರೆ ಬೂದು ಅಥವಾ ನಸುನೇರಳೆ ಬಣ್ಣದ ಹಕ್ಕಳೆ ಕಟ್ಟಿರುತ್ತದೆ, ಅದು ಸಿಲ್ವರ್ ಕ್ಲೋರೈಡ್. ಎಷ್ಟೋ ಸಲ ಅಕ್ಷರದ ಮೂಲ ಆಕಾರ ಉಳಿದಿರುವುದೇ ಆ ಹಕ್ಕಳೆಯಲ್ಲಿ. ಅದನ್ನು ಕೆರೆದು ತೆಗೆದರೆ ಕೆಳಗೆ ಸಿಗುವುದು ನುಣ್ಣನೆಯ, ಹೊಳೆಯುವ, ಹೆಸರಿಲ್ಲದ ಬಿಲ್ಲೆ. ಅಂಚಿನ ಅಕ್ಷರಗಳ ಆಳ ಮಿಲಿಮೀಟರಿನ ಒಂದು ಸಣ್ಣ ಪಾಲು ಮಾತ್ರ. ಟೂತ್‌ಪೇಸ್ಟ್, ನಿಂಬೆರಸ, ವಿನೆಗರ್, ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆ, ತಂತಿ ಬ್ರಷ್, ಬ್ಯಾಟರಿ ತಂತಿ ಕೊಟ್ಟು ಮಾಡುವ ಎಲೆಕ್ಟ್ರಾಲಿಸಿಸ್ ಯಾವುದೂ ಬೇಡ. ವಿಡಿಯೊಗಳಲ್ಲಿ ಕಪ್ಪು ಬಿಲ್ಲೆ ಎರಡು ನಿಮಿಷದಲ್ಲಿ ಫಳಫಳ ಹೊಳೆಯುವುದನ್ನು ತೋರಿಸುತ್ತಾರೆ. ಹೊಳೆದ ಮೇಲೆ ಅಂಚನ್ನು ಮಾತ್ರ ತೋರಿಸುವುದಿಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದೆರಡು ದಿನ ನೆನೆಹಾಕಿ, ಮಣ್ಣು ತಾನಾಗಿ ಸಡಿಲಾದಷ್ಟನ್ನು ಮೆತ್ತನೆಯ ಬಣ್ಣದ ಕುಂಚದಿಂದ ಸರಿಸಿ, ನೆರಳಲ್ಲಿ ಒಣಗಿಸಿ. ಸದ್ಯಕ್ಕೆ ಅಷ್ಟು ಸಾಕು.

ಈಗ ಮುಖಗಳು. ಕುದುರೆ ಇರುವ ಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸವಾರ ಸೇಂಟ್ ಜಾರ್ಜ್, ಡ್ರ್ಯಾಗನ್ ಕೊಂದನೆಂಬ ಕಥೆಯಿರುವ ಇಂಗ್ಲೆಂಡಿನ ಸಂತ. ಸೇಂಟ್ ಜಾರ್ಜ್ ಎಂದರೆ ಡ್ರ್ಯಾಗನ್ ಇರಬೇಕು ಎಂದು ಎಲ್ಲರೂ ಹುಡುಕುತ್ತಾರೆ, ಇಲ್ಲಿ ಅದಿಲ್ಲ. ಕುದುರೆಯ ಗೊರಸಿನ ಕೆಳಗೆ ಹದ್ದಿನ ಚಿತ್ರವಿರುವ ಗುರಾಣಿಯೊಂದು ಬಿದ್ದಿದೆ. ಆ ಹದ್ದು ಪ್ರಷ್ಯಾದ್ದು, ಎಂದರೆ ಜರ್ಮನಿಯ ಸೈನ್ಯಶಕ್ತಿಯ ಗುರುತು. ಪಕ್ಕದಲ್ಲಿ ತಲೆಬುರುಡೆ ಮತ್ತು ಅಡ್ಡಡ್ಡ ಮೂಳೆಗಳು. ಎರಡು ಪಕ್ಕಗಳಲ್ಲಿ 1914 ಮತ್ತು 1918 ಎಂಬ ಇಸವಿಗಳು. ಈ ಬದಿಯನ್ನು ರೂಪಿಸಿದವರು ವಿಲಿಯಂ ಮ್ಯಾಕ್‌ಮಿಲನ್ ಎಂಬ ಶಿಲ್ಪಿ. ದೊರೆಯ ತಲೆ ಬರ್ಟ್ರಾಮ್ ಮೆಕೆನಾಲ್ ಅವರದು. ನಿಮ್ಮದರಲ್ಲಿ ಕುದುರೆಯ ಕೆಳಗೆ ಡ್ರ್ಯಾಗನ್ ಕಂಡರೆ ನಾನು ಹೇಳುತ್ತಿರುವುದು ತಪ್ಪು. ಅದು ಸೇಂಟ್ ಜಾರ್ಜನ ಭಕ್ತರೋ ಯಾವುದೋ ಸಂಘದವರೋ ಹಾಕಿಕೊಳ್ಳುತ್ತಿದ್ದ ಬಿಲ್ಲೆಯಾಗಿರಬಹುದು. ಕುದುರೆಯೇ ಅಲ್ಲ, ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ ಅನಿಸಿದರೆ, ಹಿಂಬದಿಯ ದೊರೆಗೆ ಕಿರೀಟವೂ ಇದ್ದರೆ, ಅದು ಎರಡನೇ ಮಹಾಯುದ್ಧದ 1939–45 ವಾರ್ ಮೆಡಲ್. ಮಣ್ಣು ತಿಂದ ಬಿಲ್ಲೆಯಲ್ಲಿ ಕುದುರೆಗೂ ಸಿಂಹಕ್ಕೂ ವ್ಯತ್ಯಾಸ ತಿಳಿಯದೆ ಗೊಂದಲವಾಗುವುದುಂಟು, ಆದರೆ ನೀವು ಗಡ್ಡವನ್ನೂ ಬರಿದಲೆಯನ್ನೂ ಗುರುತಿಸಿದ್ದೀರಿ. 1939–45ರ ದೊರೆ ಆರನೇ ಜಾರ್ಜ್‌ಗೆ ಗಡ್ಡವಿರಲಿಲ್ಲ.

ದೊರೆಯ ತಲೆಯ ಸುತ್ತ ಲ್ಯಾಟಿನ್ ಅಕ್ಷರಗಳ ಸಾಲು ಇರುತ್ತದೆ. ಅದರ ಕೊನೆಯಲ್ಲಿ ಮೊಟಕು ಮಾಡಿದ 'ಇಂಡ್: ಇಂಪ್:' ಇದೆಯೇ ನೋಡಿ; ಭಾರತದ ಚಕ್ರವರ್ತಿ ಎಂಬ ಬಿರುದು ಅದು. ಬೇರೇನೂ ಓದಲಾಗದಿದ್ದರೂ ಇದೊಂದು ಸಿಕ್ಕರೆ ಪದಕ 1950ಕ್ಕಿಂತ ಹಿಂದಿನ ವಿನ್ಯಾಸ ಎಂದು ತಿಳಿಯುತ್ತದೆ. ಬೇರೆ ಬ್ರಿಟಿಷ್ ಪದಕಗಳ ಕಾಲ ಅಂದಾಜು ಮಾಡುವುದಕ್ಕೂ ಇದು ಒದಗುತ್ತದೆ.

ಮೇಲ್ಗಡೆಯ ಮುರಿದ ಗುರುತು ರಿಬ್ಬನ್ ಪೋಣಿಸುವ ಪಟ್ಟಿ ಇದ್ದ ಜಾಗ. ಬ್ರಿಟಿಷ್ ವಾರ್ ಮೆಡಲ್‌ನಲ್ಲಿ ಅದು ನೇರವಾದ, ಅಲುಗಾಡದ ಅಡ್ಡಪಟ್ಟಿ. ನೇಗಿಲು, ಟ್ರ್ಯಾಕ್ಟರ್ ಹಲ್ಲು ತಾಗಿದರೆ ಮೊದಲು ಮುರಿಯುವುದು ಅದೇ. ಅದರ ತುಂಡು ಅಲ್ಲೇ ಒಂದೆರಡು ಮೀಟರ್ ಸುತ್ತ ಇದ್ದೀತು, ಇನ್ನೊಮ್ಮೆ ನಿಧಾನವಾಗಿ ಡಿಟೆಕ್ಟರ್ ಆಡಿಸಿ ನೋಡಿ. ಹುಡುಕುವಾಗ ಕಂಚಿನ ಇನ್ನೊಂದು ಬಿಲ್ಲೆಯೂ ಸಿಕ್ಕೀತು ಎಂಬ ಆಸೆ ಇಟ್ಟುಕೊಳ್ಳಿ. ಅಗಲ ಅಷ್ಟೇ, ಆದರೆ ಮೇಲೆ ಪಟ್ಟಿಯ ಬದಲು ಬಳೆ, ಒಂದು ಬದಿಯಲ್ಲಿ ರೆಕ್ಕೆಯ ಹೆಂಗಸು. ಅದು ವಿಕ್ಟರಿ ಮೆಡಲ್. ಬ್ರಿಟಿಷ್ ವಿಕ್ಟರಿ ಮೆಡಲ್ ಪಡೆದ ಪ್ರತಿಯೊಬ್ಬರಿಗೂ ನಿಮಗೆ ಸಿಕ್ಕಂಥದ್ದೂ ಬಂದಿರುತ್ತಿತ್ತು. ನಿಮಗೆ ಸಿಕ್ಕಂಥದ್ದನ್ನು ಪಡೆದವರೆಲ್ಲರಿಗೂ ವಿಕ್ಟರಿ ಬಂದಿರಬೇಕೆಂದಿಲ್ಲ. ಸಮುದ್ರ ದಾಟಿ ಸೇವೆ ಮಾಡಿಯೂ ರಣರಂಗ ಎಂದು ಘೋಷಿಸಿದ ಪ್ರದೇಶಕ್ಕೆ ಕಾಲಿಡದವರಿಗೆ ವಾರ್ ಮೆಡಲ್ ಒಂದೇ. ಮೂರನೆಯದಾಗಿ 1914 ಅಥವಾ 1914–15ರ ಸ್ಟಾರ್ ಎಂಬ ನಕ್ಷತ್ರಾಕಾರದ ಪದಕವೂ ಇದ್ದರೆ ಆ ಮೂರರ ಕಟ್ಟಿಗೆ ಬ್ರಿಟಿಷರಲ್ಲಿ 'ಪಿಪ್, ಸ್ಕ್ವೀಕ್ ಅಂಡ್ ವಿಲ್ಫ್ರೆಡ್' ಎಂಬ ಅಡ್ಡಹೆಸರು, ಆಗಿನ ಪತ್ರಿಕೆಯೊಂದರ ವ್ಯಂಗ್ಯಚಿತ್ರದ ಪ್ರಾಣಿಗಳ ಹೆಸರುಗಳು.

ಈ ಬೆಳ್ಳಿಯ ಪದಕ ಸುಮಾರು 65 ಲಕ್ಷ ಮಂದಿಗೆ ಹೋಗಿದೆ. ಕಂಚಿನಲ್ಲಿ ಮಾಡಿದ್ದು ಸುಮಾರು 1 ಲಕ್ಷ 10 ಸಾವಿರ, ಅದು ಚೀನೀ, ಮಾಲ್ಟಾದ, ಭಾರತೀಯ ಕೂಲಿ ದಳಗಳಂಥವರಿಗೆ. ಒಂದೇ ಯುದ್ಧ, ಒಂದೇ ಅಚ್ಚು, ಹಾರೆ ಹಿಡಿದವನಿಗೆ ಮಾತ್ರ ಕಂಚು! ನಿಮ್ಮ ಬಿಲ್ಲೆಯ ಕಪ್ಪಿನಡಿ ಎಲ್ಲಾದರೂ ಹಸಿರು ಕಿಲುಬು ಕಂಡರೆ ಅದು ಕಂಚಿನದು, ಬೆಳ್ಳಿಯದಕ್ಕಿಂತ ಎಷ್ಟೋ ಅಪರೂಪದ್ದು. ಆ ಕಿಲುಬು ತೆಳು ಹಸಿರಾಗಿ ಪುಡಿಪುಡಿ ಉದುರುತ್ತಿದ್ದರೆ ಲೋಹ ಒಳಗಿಂದ ತಿನ್ನಿಸಿಕೊಳ್ಳುತ್ತಿದೆ ಎಂದರ್ಥ, ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಟ್ಟು ಮ್ಯೂಸಿಯಂ ಸಂರಕ್ಷಕರಿಗೆ ತೋರಿಸಿ.

ಕಾಳಗ ನಡೆದಿತ್ತೇ ಎಂದು ಕೇಳಿದ್ದೀರಿ. ನಿಮ್ಮ ಪದಕದ ಮಟ್ಟಿಗೆ ಅದು ಯಾವ ಕಾಳಗದ ಸಾಕ್ಷಿಯೂ ಅಲ್ಲ. ಯುದ್ಧ ನಿಂತದ್ದು 1918ರ ನವೆಂಬರ್‌ನಲ್ಲಿ, ಪದಕ ಹುಟ್ಟಿದ್ದು 1919ರಲ್ಲಿ, ಹೆಸರು ಒತ್ತಿ ಮನೆಮನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋದದ್ದು ಅದರ ಮುಂದಿನ ವರ್ಷಗಳಲ್ಲಿ. ಸಾಮಾನ್ಯ ಸೈನಿಕರಿಗೆ ಅದು ಕೇಳದೆಯೇ ಬಂತು, ಅಧಿಕಾರಿಗಳು ಅರ್ಜಿ ಹಾಕಿ ತರಿಸಿಕೊಳ್ಳಬೇಕಿತ್ತು. ಹಾಗಾಗಿ ಯಾವ ಕಂದಕದಲ್ಲೂ ಯಾವ ಸೈನಿಕನ ಎದೆಯಿಂದಲೂ ಇದು ಬಿದ್ದಿರಲು ಸಾಧ್ಯವಿಲ್ಲ. ಇದು ಬಿದ್ದದ್ದು ಶಾಂತಿಕಾಲದಲ್ಲಿ, ಯಾರದೋ ಮನೆಯ ಬದುಕಿನ ನಡುವೆ. ಮೆರವಣಿಗೆಗೆ ಹಾಕಿಕೊಂಡು ಹೊರಟವರು ದಾರಿಯಲ್ಲಿ ಕಳೆದುಕೊಂಡಿರಬಹುದು. ಮಕ್ಕಳು ಪೆಟ್ಟಿಗೆಯಿಂದ ಎತ್ತಿಕೊಂಡು ಹೋಗಿ ಆಟವಾಡಿರಬಹುದು. ಮನೆಯ ಕಸ, ಬೂದಿ, ಗೊಬ್ಬರ ಎಲ್ಲ ಹೊಲಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅದರ ಜೊತೆ ಹೋಗಿರಬಹುದು. ಬೇಕೆಂದೇ ಎಸೆದವರೂ ಇದ್ದರು. ಯುದ್ಧ ಮುಗಿಸಿ ಬಂದವರೆಲ್ಲ ಅದನ್ನು ನೆನೆಯಲು ಇಷ್ಟಪಡುತ್ತಿರಲಿಲ್ಲ.

ಎಲ್ಲ ಪದಕಗಳ ಕಥೆಯೂ ಹೀಗಲ್ಲ. ಜರ್ಮನಿಯ ಐರನ್ ಕ್ರಾಸ್, ಫ್ರಾನ್ಸಿನ ಕ್ರ್ವಾ ದ ಗೇರ್, ಎರಡನೇ ಮಹಾಯುದ್ಧದ ಸೋವಿಯತ್ ಪದಕಗಳು ರಣರಂಗದಲ್ಲೇ ಕೈಗೆ ಬಂದು ರಣರಂಗದಲ್ಲೇ ಎದೆಗೇರಿದವು. ಅಂಥದ್ದು ಮಣ್ಣಿನಲ್ಲಿ ಸಿಕ್ಕರೆ ಅದರ ಯಜಮಾನನೂ ಅಲ್ಲೇ ಇರಬಹುದು. ಪದಕದ ಜೊತೆ ಮೂಳೆ, ಬೂಟಿನ ಚರ್ಮ, ಗುಂಡಿಗಳ ಸಾಲು, ಮಧ್ಯಕ್ಕೆ ತೂತುಗಳ ಗೆರೆಯಿರುವ ಮೊಟ್ಟೆಯಾಕಾರದ ಲೋಹದ ತಗಡು ಕಂಡರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಪೊಲೀಸರಿಗೆ ತಿಳಿಸಬೇಕು. ಆ ತಗಡು ಜರ್ಮನ್ ಸೈನಿಕರ ಗುರುತಿನ ಬಿಲ್ಲೆ. ಸತ್ತಾಗ ಅರ್ಧ ಮುರಿದು ದಾಖಲೆಗೆ ಒಯ್ಯುತ್ತಿದ್ದರು, ಉಳಿದರ್ಧ ದೇಹದ ಜೊತೆ. ತಗಡು ಇಡಿಯಾಗಿ ಸಿಕ್ಕರೆ ಆ ಸಾವು ಬಹುಶಃ ಯಾರ ಲೆಕ್ಕಕ್ಕೂ ಹೋಗಿಲ್ಲ. ಅದನ್ನು ಜೇಬಿಗೆ ಹಾಕಿಕೊಂಡು ಬಂದರೆ ಹೆಸರು ಸಿಗಬಹುದಾಗಿದ್ದ ಒಬ್ಬ ಮನುಷ್ಯ ಮತ್ತೆ ಅನಾಮಧೇಯನಾಗುತ್ತಾನೆ. ಸಿಡಿಯದೆ ಉಳಿದ ಮದ್ದುಗುಂಡಿನ ಅಪಾಯ ಬೇರೆ.

ಇನ್ನು ಅಂಚು. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಮುಖ ನೋಡಿದರೆ ತಿಳಿಯುವುದು 65 ಲಕ್ಷ ಮಂದಿಯಲ್ಲಿ ಒಬ್ಬರದು ಎಂದಷ್ಟೇ. ಆ ಒಬ್ಬರು ಯಾರು ಎಂಬುದು ಅಂಚಿನಲ್ಲಿ ಮಾತ್ರ. ಬ್ರಿಟಿಷರು ಮೊದಲ ಮಹಾಯುದ್ಧದ ಪದಕಗಳಿಗೆ ಪಡೆದವರ ಹೆಸರನ್ನು ಒತ್ತಿಯೇ ಕೊಟ್ಟರು. ಎರಡನೇ ಮಹಾಯುದ್ಧಕ್ಕೆ ಬರುವಷ್ಟರಲ್ಲಿ ಬ್ರಿಟನ್ ಅದನ್ನು ಕೈಬಿಟ್ಟಿತು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕದಂಥ ದೇಶಗಳು ತಮ್ಮವರಿಗೆ ಹೆಸರು ಹಾಕಿಸಿಕೊಟ್ಟವು. 1939–45ರದ್ದು ಸಿಕ್ಕಿದ್ದರೆ ಬಹುಪಾಲು ಇಲ್ಲಿಗೇ ಕೈಚೆಲ್ಲಬೇಕಿತ್ತು. ನಿಮ್ಮ ಅದೃಷ್ಟ ಚೆನ್ನಾಗಿದೆ.

36 ಮಿಲಿಮೀಟರ್ ಅಗಲದ ಬಿಲ್ಲೆಯ ಸುತ್ತಳತೆ ಸುಮಾರು 11 ಸೆಂಟಿಮೀಟರ್. ಆ ಕಿರಿದಾದ ಪಟ್ಟಿಯೊಳಗೆ ಸೈನಿಕನ ಸಂಖ್ಯೆ, ಹುದ್ದೆ, ಇನಿಷಿಯಲ್, ಹೆಸರು, ದಳ ಎಲ್ಲ ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಇರುತ್ತವೆ. ಓದುವ ಬಗೆ ಹೀಗೆ. ಕೋಣೆಯ ದೀಪಗಳನ್ನು ಆರಿಸಿ, ಒಂದೇ ಒಂದು ಟಾರ್ಚ್ ಉಳಿಸಿಕೊಳ್ಳಿ. ಬೆಳಕು ಅಂಚಿಗೆ ನೇರವಾಗಿ ಬೀಳಬಾರದು, ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ತೀರ ಓರೆಯಾಗಿ ಬೀಳಬೇಕು. ಆಗ ಗುಳಿಯಲ್ಲಿ ನೆರಳು ಕೂರುತ್ತದೆ, ಅಕ್ಷರ ಎದ್ದು ಕಾಣುತ್ತದೆ. ಟಾರ್ಚನ್ನು ಒಂದು ಕಡೆಯಿಂದ ನೋಡಿ ಸುಮ್ಮನಾಗಬೇಡಿ. ಎಡದಿಂದ ಬೆಳಕು ಬಿದ್ದಾಗ ನಿಂತ ಗೆರೆಗಳು ಕಂಡರೆ, ಮೇಲಿನಿಂದ ಬಿದ್ದಾಗ ಅಡ್ಡಗೆರೆಗಳು ಕಾಣುತ್ತವೆ. ಇಂಗ್ಲಿಷಿನ 'ಇ', 'ಎಫ್', 'ಎಲ್' ಅಕ್ಷರಗಳನ್ನು ಬೇರ್ಪಡಿಸುವುದು ಆ ಅಡ್ಡಗೆರೆಗಳೇ. ಮೊಬೈಲನ್ನು ಯಾವುದಕ್ಕಾದರೂ ಒರಗಿಸಿ ನಿಲ್ಲಿಸಿ, ಪದಕವನ್ನು ಮಾತ್ರ ಸ್ವಲ್ಪ ಸ್ವಲ್ಪ ಉರುಳಿಸುತ್ತ, ಹಿಂದಿನ ಚಿತ್ರದ ಕೊನೆ ಮುಂದಿನದರಲ್ಲೂ ಬರುವಂತೆ ಸುತ್ತ ತೆಗೆಯಿರಿ. ಆಮೇಲೆ ಚಿತ್ರಗಳನ್ನು ಕಪ್ಪುಬಿಳುಪು ಮಾಡಿ, ನೆಗೆಟಿವ್‌ನಂತೆ ತಿರುಗಿಸಿಯೂ ನೋಡಿ. ಕಣ್ಣಿಗೆ ದಕ್ಕದ ಅಕ್ಷರ ಹಾಗೆ ಕಂಡುಬಿಡುವುದುಂಟು.

ಇದಕ್ಕೂ ಬಗ್ಗದಿದ್ದರೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿಯನ್ನು ಅಂಚಿನ ಸುತ್ತ ಬಿಗಿಯಾಗಿ ಸುತ್ತಿ, ಮೆತ್ತನೆಯ ಪೆನ್ಸಿಲ್‌ನ ಬದಿಯಿಂದ ಹಗುರವಾಗಿ ಸವರಿ. ಹಕ್ಕಳೆ ಉದುರುತ್ತಿದ್ದರೆ ಮಾತ್ರ ಇದನ್ನು ಮಾಡಬೇಡಿ. ಜೇಡಿಯಂಥ ಮಾಡೆಲಿಂಗ್ ಕ್ಲೇ ಒತ್ತಿ ಅಚ್ಚು ತೆಗೆಯುವ ಸಲಹೆ ಕೆಲವರು ಕೊಡುತ್ತಾರೆ. ನಾನು ಕೊಡುವುದಿಲ್ಲ, ಕೆಲವು ಕ್ಲೇಗಳಲ್ಲಿ ಗಂಧಕವೇ ಇರುತ್ತದೆ, ಕಿತ್ತಾಗ ಹಕ್ಕಳೆಯೂ ಜೊತೆಗೆ ಬರುತ್ತದೆ.

ಓದಲು ಶುರುಮಾಡುವಾಗ ಹೆಸರಿನ ಹಿಂದೆ ಬೀಳಬೇಡಿ, ಎಲ್ಲರೂ ಹೆಸರಿನ ಮೇಲೇ ಕಣ್ಣಿಡುತ್ತಾರೆ. ಮೊದಲು ಕೊನೆಯ ತುದಿಯ ದಳದ ಮೊಟಕು ಅಕ್ಷರಗಳನ್ನು ಹಿಡಿಯಿರಿ. ಅವು ಒಂದು ಸೀಮಿತ ಪಟ್ಟಿಯೊಳಗಿನವು, ಎರಡು ಅಕ್ಷರ ಸಿಕ್ಕರೂ ಮೂರನೆಯದನ್ನು ಕಟ್ಟಬಹುದು. 'ಆರ್.ಎಫ್.ಎ.' ಎಂದರೆ ರಾಯಲ್ ಫೀಲ್ಡ್ ಆರ್ಟಿಲರಿ, 'ಆರ್.ಜಿ.ಎ.' ಭಾರಿ ಫಿರಂಗಿಗಳ ಗ್ಯಾರಿಸನ್ ಆರ್ಟಿಲರಿ, 'ಆರ್.ಇ.' ಎಂಜಿನಿಯರುಗಳು, 'ಆರ್.ಎ.ಎಂ.ಸಿ.' ವೈದ್ಯಕೀಯ ದಳ, 'ಎ.ಎಸ್.ಸಿ.' ಸರಬರಾಜು ಸಾಗಣೆಯ ದಳ. ದಳ ತಿಳಿದರೆ ಹುದ್ದೆ ತಾನಾಗಿ ಇಕ್ಕಟ್ಟಾಗುತ್ತದೆ. ಫಿರಂಗಿ ದಳದಲ್ಲಿ 'ಪಿ-ಟಿ-ಇ', ಅಂದರೆ ಪ್ರೈವೇಟ್, ಇರುವುದಿಲ್ಲ. ಅಲ್ಲಿ 'ಜಿ-ಎನ್-ಆರ್' ಗನ್ನರ್, 'ಡಿ-ವಿ-ಆರ್' ಡ್ರೈವರ್. ಎಂಜಿನಿಯರುಗಳಲ್ಲಿ 'ಎಸ್-ಪಿ-ಆರ್', ಸ್ಯಾಪರ್. ಭಾರತೀಯ ಸೇನೆಯ ಪದಕವಾದರೆ ಸಿಪಾಯಿ, ಸವಾರ್, ನಾಯಕ್, ಹವಾಲ್ದಾರ್ ಎಂಬ ಹುದ್ದೆಗಳೇ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ. ಅಂಚಿನ ಕೊನೆಯಲ್ಲಿ 'ಎ.ಐ.ಎಫ್.' ಇದ್ದರೆ ಆಸ್ಟ್ರೇಲಿಯದವರು, 'ಎನ್.ಜ಼ೆಡ್.ಇ.ಎಫ್.' ಇದ್ದರೆ ನ್ಯೂಜಿಲೆಂಡಿನವರು.

ಸಂಖ್ಯೆಯ ಮುಂದಿನ ಅಕ್ಷರವನ್ನೂ ಬಿಡಬೇಡಿ. ಎಷ್ಟೋ ಜನ ಅದನ್ನು ಗೀರು ಎಂದು ತಳ್ಳಿಹಾಕುತ್ತಾರೆ. ಉದಾಹರಣೆಗೆ 'ಟಿ' ಎಂದು ಶುರುವಾಗಿ ಒಂದು ಸಂಖ್ಯೆ, ಆಮೇಲೆ 'ಡಿ-ವಿ-ಆರ್', ಮಧ್ಯೆ ಓದಲಾಗದ ಹೆಸರು, ಕೊನೆಗೆ 'ಎ.ಎಸ್.ಸಿ.' ಕಂಡಿತು ಎನ್ನಿ. ಹೆಸರು ಸಿಗದೆಯೇ ಇಷ್ಟು ಹೇಳಬಹುದು: ಆತ ಕುದುರೆ ಅಥವಾ ಹೇಸರಗತ್ತೆ ಕಟ್ಟಿದ ಗಾಡಿ ಹೊಡೆಯುತ್ತಿದ್ದ. ಸರಬರಾಜು ದಳದಲ್ಲಿ 'ಟಿ' ಪ್ರಾಣಿಗಳ ಸಾಗಣೆಗೆ, 'ಎಂ' ಮೋಟಾರು ಲಾರಿಗೆ, 'ಎಸ್' ದಾಸ್ತಾನಿಗೆ. ನೌಕಾಪಡೆಯಲ್ಲೂ ಹಾಗೇ. 'ಜೆ' ಇದ್ದರೆ ಹಡಗಿನ ಡೆಕ್ ಮೇಲೆ ಕೆಲಸ ಮಾಡುವ ನಾವಿಕ, 'ಕೆ' ಇದ್ದರೆ ಕೆಳಗೆ ಬಾಯ್ಲರ್ ಮುಂದೆ ಕಲ್ಲಿದ್ದಲು ತುಂಬುತ್ತಿದ್ದ ಸ್ಟೋಕರ್, 'ಎಲ್' ಇದ್ದರೆ ಅಧಿಕಾರಿಗಳ ಅಡುಗೆ ಅಥವಾ ಪರಿಚಾರಕ ಕೆಲಸದವನು. ಮರೀನ್ ಪದಾತಿಯಾದರೆ ಸಂಖ್ಯೆಯ ಮುಂದೆ ಪೋರ್ಟ್ಸ್‌ಮತ್, ಪ್ಲಿಮತ್, ಚ್ಯಾಟಮ್ ನೆಲೆಗಳ ಮೊಟಕು ಹೆಸರು. ಸಂಖ್ಯೆಯೇ ಇಲ್ಲದೆ ಹುದ್ದೆಯಿಂದಲೇ ಶುರುವಾದರೆ ಅಧಿಕಾರಿಯದು. ಭೂಸೇನೆಯ ಅಧಿಕಾರಿಗಳ ಪದಕದಲ್ಲಿ ಸಾಮಾನ್ಯವಾಗಿ ದಳದ ಹೆಸರೂ ಇರುವುದಿಲ್ಲ.

ಸವೆದ ಅಂಚಿನಲ್ಲಿ 3 ಮತ್ತು 8, 5 ಮತ್ತು 6, 'ಸಿ' ಮತ್ತು 'ಜಿ' ಒಂದಕ್ಕೊಂದು ವೇಷ ಹಾಕುತ್ತವೆ. ಎರಡೂ ಸಾಧ್ಯತೆ ಬರೆದಿಟ್ಟುಕೊಳ್ಳಿ. ಸಂಖ್ಯೆಯೊಂದನ್ನೇ ನಂಬಿ ಹುಡುಕಲೂ ಬೇಡಿ. ಆಗ ಪ್ರತಿ ರೆಜಿಮೆಂಟೂ ತನ್ನದೇ ಸಂಖ್ಯೆ ಕೊಡುತ್ತಿದ್ದುದರಿಂದ ಒಂದೇ ಸಂಖ್ಯೆ ಹಲವರಿಗೆ ಇರುತ್ತಿತ್ತು. ಟೆರಿಟೋರಿಯಲ್ ಎಂಬ ಅರೆಕಾಲಿಕ ಸೈನಿಕರ ಪಡೆಯವರಿಗಂತೂ 1917ರಲ್ಲಿ ಹಳೆಯ ಸಂಖ್ಯೆ ತೆಗೆದು ಆರಂಕಿಯ ಹೊಸದನ್ನು ಕೊಟ್ಟರು. ಸಂಖ್ಯೆ, ಹೆಸರು, ದಳ ಮೂರೂ ಒಟ್ಟಿಗೆ ಕೂಡಿದರೆ ಮಾತ್ರ ಮನುಷ್ಯ ಸಿಕ್ಕ ಹಾಗೆ.

ಸಿಕ್ಕ ಹೆಸರನ್ನು ಎಲ್ಲಿ ಹುಡುಕುವುದು? ಬ್ರಿಟಿಷ್ ಭೂಸೇನೆಯವರಾದರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಮೆಡಲ್ ಇಂಡೆಕ್ಸ್ ಕಾರ್ಡ್‌ಗಳಲ್ಲಿ. ಅಂತರ್ಜಾಲದಲ್ಲೇ ಹೆಸರು ಹಾಕಿ ಹುಡುಕಬಹುದು. ಆ ಪುಟ್ಟ ಕಾರ್ಡಿನಲ್ಲಿ ಯಾವ ಯಾವ ದಳ, ಯಾವ ಪದಕಗಳಿಗೆ ಅರ್ಹ, ಕೆಲವದರಲ್ಲಿ ಯಾವ ರಣರಂಗಕ್ಕೆ ಯಾವ ದಿನ ಕಾಲಿಟ್ಟರು ಎಂಬುದೂ ಇರುತ್ತದೆ. ಪೂರ್ಣ ಸೇವಾ ಕಡತ ಸಿಗುತ್ತದೆಂದು ಮಾತ್ರ ನೆಚ್ಚಿಕೊಳ್ಳಬೇಡಿ: 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿನ ಬೆಂಕಿಯಲ್ಲಿ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಉಳಿದವುಗಳ ಪುಟಗಳಲ್ಲೂ ಸುಟ್ಟ ಅಂಚು, ನೀರಿನ ಕಲೆ. ಯುದ್ಧದಲ್ಲಿ ಸತ್ತವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿಯಲ್ಲಿ ಸಮಾಧಿ ಅಥವಾ ಸ್ಮಾರಕದ ವಿವರ ಉಚಿತವಾಗಿ ಸಿಗುತ್ತದೆ, ಹಲವರಿಗೆ ತಂದೆತಾಯಿಯರ ಹೆಸರೂ ಊರೂ ಸಮೇತ. ಕೆನಡ, ಆಸ್ಟ್ರೇಲಿಯದವರಾದರೆ ಕೆಲಸ ಸಲೀಸು. ಎರಡೂ ದೇಶಗಳು ಮೊದಲ ಮಹಾಯುದ್ಧದ ಸೈನಿಕರ ಕಡತಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿವೆ.

ಒಂದು ಸೂಕ್ಷ್ಮ. ಪದಕದಲ್ಲಿರುವ ದಳ ಸಾಮಾನ್ಯವಾಗಿ ಆತ ಮೊದಲು ಸಮುದ್ರ ದಾಟಿದಾಗ ಇದ್ದ ದಳ. ಆಮೇಲೆ ಬೇರೆ ರೆಜಿಮೆಂಟಿಗೆ ಹೋಗಿ ಅಲ್ಲಿ ಸತ್ತಿದ್ದರೆ ಸಮಾಧಿ ಪಟ್ಟಿಯಲ್ಲಿ ಆ ಎರಡನೆಯ ದಳ, ಬೇರೆ ಸಂಖ್ಯೆ ಇರುತ್ತದೆ. ಎರಡು ಹೊಂದುವುದಿಲ್ಲವೆಂದು ಕೈಬಿಡುವ ಮೊದಲು ಇಂಡೆಕ್ಸ್ ಕಾರ್ಡ್ ನೋಡಿ, ಎರಡೂ ದಳಗಳು ಅಲ್ಲಿ ಒಂದರ ಕೆಳಗೊಂದು ಇರುತ್ತವೆ.

ಅಂಚು ನಿಜವಾಗಿ ಖಾಲಿಯೇ ಇದ್ದರೆ? ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಗಲವನ್ನು ನಾಲ್ಕಾರು ಕಡೆ ಅಳೆಯಿರಿ. 36 ಮಿಲಿಮೀಟರ್‌ಗಿಂತ ಕಡಿಮೆ ಬಂದು, ಅಂಚಿನಲ್ಲಿ ಸಮಾನಾಂತರ ಸಣ್ಣ ಗೀರುಗಳಿದ್ದರೆ ಯಾರೋ ಅರ ಹಾಕಿ ಹೆಸರನ್ನು ಉಜ್ಜಿಹಾಕಿದ್ದಾರೆ. ಮಾರುವಾಗಲೋ ಅಡವಿಡುವಾಗಲೋ ಸಂಕೋಚಕ್ಕೆ ಹೀಗೆ ಮಾಡಿದವರಿದ್ದಾರೆ. ಒತ್ತಿದ ಅಕ್ಷರಗಳ ಬದಲು ಕೈಯಲ್ಲಿ ಕೆತ್ತಿದ ಅಕ್ಷರ ಕಂಡರೆ ಬೇರೆಯವರ ಹೆಸರು ಆಮೇಲೆ ಸೇರಿಸಿರಬಹುದೆಂಬ ಅನುಮಾನವಿರಲಿ. ಒತ್ತಿದ ಅಕ್ಷರಗಳು ಒಂದೇ ಎತ್ತರ, ಒಂದೇ ದಪ್ಪ. ಕೆತ್ತಿದವುಗಳಲ್ಲಿ ಗೆರೆ ಶುರುವಾಗುವಲ್ಲಿ ತೆಳು, ನಡುವೆ ದಪ್ಪ.

ಇದೇ ಹವ್ಯಾಸದ ಬೇರೆಯವರಿಗೂ ಒದಗಲಿ ಎಂದು ಬೇರೆ ಪದಕಗಳ ಬಗ್ಗೆ ನಾಲ್ಕು ಮಾತು. ಐರನ್ ಕ್ರಾಸ್‌ನ ನಡುಭಾಗ ನಿಜಕ್ಕೂ ಕಬ್ಬಿಣ, ಸುತ್ತ ಬೆಳ್ಳಿಯ ಚೌಕಟ್ಟು. ಆಯಸ್ಕಾಂತ ಹಿಡಿದರೆ ಅಂಟುತ್ತದೆ. ಕಬ್ಬಿಣದ ಸದ್ದು ಬೇಡವೆಂದು ಡಿಟೆಕ್ಟರನ್ನು ಹೊಂದಿಸಿಕೊಂಡು ನಡೆಯುವವರು ಅದನ್ನು ದಾಟಿಕೊಂಡೇ ಹೋಗಿಬಿಡಬಹುದು. ಅದರ ಮೇಲಿನ 1813, 1870, 1914, 1939 ಇಸವಿಗಳು ಯುದ್ಧವನ್ನು ಹೇಳುತ್ತವೆ. 1813 ಅದು ಹುಟ್ಟಿದ ವರ್ಷವಾದ್ದರಿಂದ ಮುಂದಿನವುಗಳ ಹಿಂಬದಿಯಲ್ಲೂ ಇರುತ್ತದೆ, ಎರಡು ಬದಿಯನ್ನೂ ನೋಡದೆ ನೆಪೋಲಿಯನ್ ಕಾಲದ್ದು ಸಿಕ್ಕಿತೆಂದು ಹಿಗ್ಗಬೇಡಿ. ಕ್ರ್ವಾ ದ ಗೇರ್ ಕಂಚಿನ ಶಿಲುಬೆ, ತೋಳುಗಳ ನಡುವೆ ಅಡ್ಡಡ್ಡ ಕತ್ತಿಗಳು, ಹೆಸರಿರುವುದಿಲ್ಲ. ಸೋವಿಯತ್ 'ಆರ್ಡರ್' ದರ್ಜೆಯ ಪದಕಗಳ ಬೆನ್ನಿನಲ್ಲಿ ಕ್ರಮಸಂಖ್ಯೆ ಇರುತ್ತದೆ, ಅದೇ ಹೆಸರಿನ ದಾರಿ. ಅಂಗೈಯನ್ನೇ ಮುಚ್ಚುವಷ್ಟು, ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ತಟ್ಟೆಯಲ್ಲಿ ಬ್ರಿಟಾನಿಯ ದೇವಿಯೂ ಸಿಂಹವೂ ಇದ್ದರೆ ಅದು ಪದಕವಲ್ಲ, ಸತ್ತ ಸೈನಿಕರ ಮನೆಯವರಿಗೆ ಕಳಿಸಿದ ಸ್ಮರಣಫಲಕ. ಅದರಲ್ಲಿ ಹೆಸರು ಉಬ್ಬಕ್ಷರದಲ್ಲಿರುತ್ತದೆ, ಹುದ್ದೆ ಬೇಕೆಂದೇ ಇಟ್ಟಿಲ್ಲ. 1897, 1902, 1911ರ ಇಸವಿ ಇರುವ ಹಗುರ ಬಿಲ್ಲೆಗಳು ಬಹುಪಾಲು ಜುಬಿಲಿ ಅಥವಾ ಪಟ್ಟಾಭಿಷೇಕದ ನೆನಪಿನವು. ಅಂಥವು ಹತ್ತು ಸಿಕ್ಕಾಗ ಯುದ್ಧಪದಕ ಒಂದು ಸಿಗುವುದೂ ಕಷ್ಟ.

ಬೆಲೆ ನೀವು ಕೇಳಿಲ್ಲ, ಕೇಳುವವರು ಕೇಳುತ್ತಾರೆ. ಒಂದು ಔನ್ಸ್ ಆಸುಪಾಸಿನ ಬೆಳ್ಳಿ ಎಂಬ ಕಾರಣಕ್ಕೇ ಇವು ಸಾಲುಸಾಲಾಗಿ ಕರಗಿಹೋಗಿವೆ. 1980ರ ಜನವರಿಯಲ್ಲಿ ಬೆಳ್ಳಿಯ ದರ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಪೆಟ್ಟಿಗೆಗಟ್ಟಲೆ ಕುಲುಮೆ ಸೇರಿದವು. ಲೋಹದ ಬೆಲೆ ಬಿಟ್ಟರೆ ಉಳಿದದ್ದೆಲ್ಲ ಅಂಚಿನ ಹೆಸರಿನ ಬೆಲೆ. ತಿಕ್ಕಿ ಬೆಳಗಿದ್ದಕ್ಕೆ ಸಂಗ್ರಾಹಕರು ಮುಖ ಸಿಂಡರಿಸುತ್ತಾರೆ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ತರಹ. ಇಂಗ್ಲೆಂಡಿನಲ್ಲಿ ಚಿನ್ನ ಬೆಳ್ಳಿಯ ವಸ್ತು ನಿಧಿ ಎನಿಸಲು ಸಾಮಾನ್ಯವಾಗಿ 300 ವರ್ಷ ಹಳತಾಗಿರಬೇಕು. ಈ ಪದಕ ಅದಕ್ಕೆ ಬರುವುದಿಲ್ಲ, ಜಮೀನಿನವರ ಜೊತೆಗಿನ ಒಪ್ಪಂದವೇ ಮುಖ್ಯ. ಫ್ರಾನ್ಸಿನಲ್ಲಿ ಇತಿಹಾಸದ ವಸ್ತುಗಳನ್ನು ಹುಡುಕಲು ಡಿಟೆಕ್ಟರ್ ಬಳಸುವುದಕ್ಕೇ ಸರ್ಕಾರದ ಅನುಮತಿ ಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆಯ ಪ್ರಕಾರ ನೆಲದೊಳಗೆ ಹುದುಗಿದ್ದು 10 ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ತಿಳಿಸಬೇಕು. ನೀವು ಇರುವಲ್ಲಿಯ ನಿಯಮವನ್ನು ಪದಕ ಸಿಕ್ಕ ವಾರದೊಳಗೇ ವಿಚಾರಿಸಿ, ಸಿಕ್ಕ ಜಾಗವನ್ನೂ ಆಳವನ್ನೂ ಇವತ್ತೇ ಬರೆದಿಡಿ. ಹೆಸರು ಸಿಕ್ಕು, ಮನೆತನದವರೂ ಸಿಕ್ಕರೆ, ಮೊದಲ ಪತ್ರದಲ್ಲೇ ಪದಕದ ಚಿತ್ರ ಕಳಿಸಬೇಡಿ; ಅಂಚಿನ ಅಕ್ಷರಗಳನ್ನು ಬಚ್ಚಿಟ್ಟುಕೊಂಡು, ಅವರ ಅಜ್ಜ ಯಾವ ದಳದಲ್ಲಿದ್ದರು ಎಂದು ಅವರಿಂದಲೇ ಕೇಳಿ. ಹಕ್ಕುದಾರರು ಯಾರೆಂದು ಅದರಲ್ಲೇ ಗೊತ್ತಾಗುತ್ತದೆ.

ಓದಿದ್ದನ್ನು ನನಗೂ ಬರೆದು ಕಳಿಸಿ, ಅಂಚಿನ ಚಿತ್ರಗಳ ಸಮೇತ. ಕಾಣದ ಅಕ್ಷರದ ಜಾಗದಲ್ಲಿ ಊಹೆ ತುಂಬಬೇಡಿ, ಚುಕ್ಕಿ ಇಡಿ. ಎಷ್ಟು ಅಕ್ಷರ ಹಿಡಿಯುವಷ್ಟು ಜಾಗ ಖಾಲಿ ಇದೆ ಎಂಬುದೂ ಹೆಸರು ಹುಡುಕುವಾಗ ಬೇಕಾಗುತ್ತದೆ.